ಪಾತಾಳದ ರೈಲು ಮತ್ತು ಶಾಖದ ಲೆಕ್ಕ

ಕುಬ್ಜರ ರಾಜ್ಯದ ಕಥೆಗಳನ್ನು ಓದದ ಅಥವಾ ನೋಡದ ವಿದ್ಯಾರ್ಥಿಗಳು ಇಂದು ವಿರಳ. 1937ರಲ್ಲಿ ಪ್ರಕಟವಾದ ಟೋಲ್ಕಿನ್ನರ 'ದಿ ಹಾಬಿಟ್' ಕಾದಂಬರಿ, ಅದೇ ವರ್ಷ ತೆರೆಗೆ ಬಂದ ಡಿಸ್ನಿಯವರ 'ಸ್ನೋ ವೈಟ್' ಚಿತ್ರ, ಇವುಗಳಿಂದ ಮೊದಲ್ಗೊಂಡು ಇಂದಿನ ಗಣಕಯಂತ್ರದ ಆಟಗಳವರೆಗೆ, ಗಿಡ್ಡ ಮೈಕಟ್ಟಿನ ಉದ್ದ ಗಡ್ಡದ ಈ ಜನ ಬೆಟ್ಟಗಳ ಹೊಟ್ಟೆಯನ್ನು ಕೊರೆದು ನಗರಗಳನ್ನು ಕಟ್ಟುತ್ತಲೇ ಬಂದಿದ್ದಾರೆ. 2004ರಲ್ಲಿ ಹೊರಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಂತೂ ಕುಬ್ಜರ ರಾಜಧಾನಿಗೂ ಮನುಷ್ಯರ ರಾಜಧಾನಿಗೂ ನಡುವೆ ನೆಲದಡಿಯಲ್ಲಿಯೇ ಒಂದು ರೈಲು ಓಡಾಡುತ್ತದೆ. ಹಿಮ ಮುಚ್ಚಿದ ಪರ್ವತದ ಗರ್ಭದಲ್ಲಿ ಆ ರಾಜಧಾನಿ. ಅದರ ನಟ್ಟನಡುವೆ ಕೆಂಪಗೆ ಕುದಿಯುವ ಮಹಾಕುಲುಮೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ರೈಲು ನಿಲ್ದಾಣ. ನೋಡಲು ಬಹು ಸೊಗಸು.

ಕಲ್ಪನೆಯ ಮೇಲೆ ನಮಗೆ ಮುನಿಸಿಲ್ಲ. ಕಲ್ಪನೆಯಿಲ್ಲದವನು ಭೌತಶಾಸ್ತ್ರದ ಬಾಗಿಲನ್ನೇ ದಾಟಲಾರ. ಆದರೆ ಈ ಚಿತ್ರವನ್ನು ಕಂಡಾಗಲೆಲ್ಲ ನಮಗೆ ಕೇಳಬೇಕೆನಿಸುವ ಪ್ರಶ್ನೆ ಒಂದುಂಟು: ಇದರ ಬೆಳಕಿಂಡಿ ಎಲ್ಲಿದೆ? ನಮ್ಮ ಹಲಗೇರಿಯ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಛಾವಣಿಗೆ ಒಂದು ಕಿಂಡಿ ಬಿಟ್ಟಿರುತ್ತಾರೆ. ಬೆಳಕು ಅದರಿಂದ ಒಳಗೆ ಬರುತ್ತದೆ, ಒಲೆಯ ಹೊಗೆಯೂ ಸೆಕೆಯೂ ಅದರಿಂದಲೇ ಹೊರಗೆ ಹೋಗುತ್ತವೆ. ಒಂದು ಒಲೆಗೆ ಒಂದು ಕಿಂಡಿ ಬೇಕಾದರೆ, ಹಗಲಿರುಳು ಉರಿಯುವ ಕುಲುಮೆಯೂ ಓಡುವ ರೈಲುಗಳೂ ಸಾವಿರಾರು ಜನರೂ ಇರುವ ಬೆಟ್ಟಕ್ಕೆ ಎಷ್ಟು ಕಿಂಡಿ ಬೇಕು? ಕಥೆಗಾರರು ಇದನ್ನು ಯೋಚಿಸುವುದಿಲ್ಲ. ಅವರಿಗೆ ಕ್ಷಮೆಯುಂಟು. ನಿಜವಾದ ನಗರಗಳ ಕೆಳಗೆ ನಿಜವಾದ ಸುರಂಗಗಳನ್ನು ಕೊರೆಯುವವರೂ ಅವರಿಗೆ ತೆರಿಗೆ ಕೊಡುವ ನಾವೂ ಯೋಚಿಸದಿದ್ದರೆ ಮಾತ್ರ ಕ್ಷಮೆಯಿಲ್ಲ. ನೆಲದಡಿಯ ಸಂಚಾರದಲ್ಲಿ ಎಲ್ಲಕ್ಕಿಂತ ಮೊದಲು ಬರೆದಿಡಬೇಕಾದುದು ಶಾಖದ ಲೆಕ್ಕವೆಂದೂ, ಆ ಲೆಕ್ಕ ತಿಳಿದವನು ಯಾವ ಬಗೆಯ ಸುರಂಗ ಬೇಕು, ಯಾವುದು ಬೇಡ ಎಂಬುದನ್ನು ತಾನಾಗಿಯೇ ಕಂಡುಕೊಳ್ಳುವನೆಂದೂ ನಮ್ಮ ಅಭಿಪ್ರಾಯ.

ನಮ್ಮ ಆದಿಕವಿ ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿದ್ದನೆಂದು ತೋರುತ್ತದೆ. ಕಿಷ್ಕಿಂಧಾಕಾಂಡದಲ್ಲಿ ಸೀತೆಯನ್ನು ಅರಸುತ್ತ ಬಳಲಿದ ವಾನರರು ಋಕ್ಷಬಿಲವೆಂಬ ಗುಹೆಯನ್ನು ಕಾಣುತ್ತಾರೆ. ಅದರ ಬಾಯಿಯಿಂದ ರೆಕ್ಕೆ ತೊಯ್ದ ನೀರುಹಕ್ಕಿಗಳು ಹೊರಗೆ ಹಾರಿಬರುತ್ತಿದ್ದುದನ್ನು ನೋಡಿದ ಮೇಲೆಯೇ ಅವರು ಒಳಹೊಕ್ಕರು. ಹಕ್ಕಿ ಜೀವಂತವಾಗಿ ಹೊರಬಂದಿದೆಯೆಂದರೆ ಒಳಗೆ ನೀರೂ ಇದೆ, ಉಸಿರಾಡಬಲ್ಲ ಗಾಳಿಯೂ ಇದೆ. ಗಣಿಗಾರರು ಪಂಜರದ ಹಕ್ಕಿಯನ್ನು ಒಳಗೆ ಒಯ್ದು ಗಾಳಿಯನ್ನು ಪರೀಕ್ಷಿಸುತ್ತಿದ್ದ ಕ್ರಮಕ್ಕೆ ಇದು ದೂರದ ನಂಟು. ಒಳಗೆ ಅವರು ಕಂಡುದು ಮಯನು ನಿರ್ಮಿಸಿದ ಚಿನ್ನದ ನಗರ. ಹೊರಬರುವಾಗ ಮಾತ್ರ ಸ್ವಯಂಪ್ರಭೆ ಎಲ್ಲರ ಕಣ್ಣು ಮುಚ್ಚಿಸಿದ್ದರಿಂದ ಅಲ್ಲಿಯ ಸಾರಿಗೆ ವ್ಯವಸ್ಥೆ ಎಂಥದೆಂಬುದು ನಮಗೆ ತಿಳಿಯದೆಯೇ ಹೋಯಿತು!

ಕುಬ್ಜರಿಗೂ ರೈಲಿಗೂ ಕಥೆಗಾರರು ಗಂಟುಹಾಕಿದುದು ಆಕಸ್ಮಿಕವಲ್ಲ. ರೈಲುಹಳಿ ಹುಟ್ಟಿದ್ದೇ ನೆಲದಡಿಯಲ್ಲಿ. ಉಗಿಯಂತ್ರ ಬರುವುದಕ್ಕೆ ಬಹು ಹಿಂದೆಯೇ ಮಧ್ಯ ಯೂರೋಪಿನ ಗಣಿಗಳಲ್ಲಿ ಹಲಗೆಗಳ ಮೇಲೆ ಅದಿರಿನ ಗಾಡಿಗಳು ಉರುಳುತ್ತಿದ್ದುವು. 1556ರಲ್ಲಿ ಅಚ್ಚಾದ ಅಗ್ರಿಕೋಲನ ಗಣಿಶಾಸ್ತ್ರ ಗ್ರಂಥದಲ್ಲಿ ಅಂಥ ಗಾಡಿಯ ವರ್ಣನೆಯೂ ಚಿತ್ರವೂ ಇವೆ. ಓಡುವಾಗ ಅದು ಮಾಡುವ ಸದ್ದು ಬೊಗಳಿದಂತೆ ಕೇಳುತ್ತದೆಂದು ಗಣಿಯವರು ಅದನ್ನು 'ನಾಯಿ' ಎಂದೇ ಕರೆಯುತ್ತಿದ್ದರಂತೆ. ಗಣಿಯೊಳಗಿನ ಕುಳ್ಳ ಭೂತಗಳ ಸುದ್ದಿಯನ್ನೂ ಅದೇ ಅಗ್ರಿಕೋಲನು ಬರೆದಿಟ್ಟಿದ್ದಾನೆ. ಅದಿರನ್ನು ಕೆಡಿಸುತ್ತದೆಂದು ನಂಬಿದ್ದ 'ಕೋಬೋಲ್ಡ್' ಎಂಬ ಭೂತದ ಹೆಸರೇ ಕೋಬಾಲ್ಟ್ ಎಂಬ ಮೂಲವಸ್ತುವಿಗೆ ಅಂಟಿಕೊಂಡು ನಮ್ಮ ರಸಾಯನ ಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ.

ಹಳಿಯ ಗುಣವನ್ನು ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡೋಣ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆ, ಹೊತ್ತ ಭಾರದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಹತ್ತು ಟನ್ ಭಾರದ ಬಂಡಿಯನ್ನು ಸಮತಟ್ಟಾದ ಒಳ್ಳೆಯ ಹಳಿಯ ಮೇಲೆ ಓಡಿಸುತ್ತಿರಲು ಇಪ್ಪತ್ತು ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಸಾಕು. ರಸ್ತೆಯ ಮೇಲೆ ಉರುಳುವ ರಬ್ಬರಿನ ಚಕ್ರಕ್ಕೆ ಇದರ ಐದಾರು ಪಟ್ಟಿನಿಂದ ಹತ್ತು ಪಟ್ಟಿನವರೆಗೆ ಬೇಕಾಗುತ್ತದೆ. ತಡೆಯನ್ನು ಗೆಲ್ಲಲು ವ್ಯಯಿಸಿದ ಶಕ್ತಿಯೆಲ್ಲ ಕೊನೆಗೆ ಶಾಖವಾಗುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಮಾತಿಗೆ ನಾವು ಮತ್ತೆ ಬರಲಿದ್ದೇವೆ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ನಡುವೆ ರೈಲಿನಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳಿಗೆ ಸುರಂಗದ ಅನುಭವವೇ ಇಲ್ಲ. ಎರಡು ಕಡೆಯೂ ಎರೆಹೊಲ, ಮೆಣಸಿನ ಗಿಡ, ಮೆಕ್ಕೆಜೋಳ. ನೆಲ ಅಂಗೈಯಂತೆ ಸಮ. ಆದರೂ ನೆಲದಡಿಯ ವಿಜ್ಞಾನದ ಮೊದಲ ಪಾಠ ಈ ಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆ ಪಾಠಶಾಲೆಯ ಹೆಸರು ಹಗೇವು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ, ಧಾನ್ಯವೂ ಅದರೊಳಗಿನ ಹುಳುಗಳೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಹುಳು ಸಾಯುವುದೂ, ಕಾಳು ಉಳಿಯುವುದೂ ಇದರಿಂದಲೇ. ಆದುದರಿಂದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಸಿ, ಅದು ಆರಲಿಲ್ಲವೆಂದು ಕಂಡ ಮೇಲೆ ಮನುಷ್ಯ ಇಳಿಯುತ್ತಿದ್ದ. ಈ ಎಚ್ಚರ ತಪ್ಪಿದಾಗ ಹಗೇವಿನಲ್ಲಿ ಪ್ರಾಣ ಹೋದದ್ದೂ ಉಂಟು. ಎರಡಾಳು ಆಳದ ಗುಂಡಿಯಲ್ಲಿಯೇ ಗಾಳಿ ತಾನಾಗಿ ಬರುವುದಿಲ್ಲವೆಂದಾದರೆ, ಎರಡು ಮೈಲಿ ಆಳದ ಮಾತೇನು?

ಎರಡು ಮೈಲಿ ಎಂದುದು ಅಲಂಕಾರಕ್ಕಾಗಿ ಅಲ್ಲ. ಕುಬ್ಜರ ರಾಜ್ಯವನ್ನು ಕಾಣಬೇಕೆನ್ನುವವರು ಯೂರೋಪಿನ ಕಥೆಗಳವರೆಗೆ ಹೋಗಬೇಕಾಗಿಲ್ಲ. ಅದು ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯ ಕೈಗೆ ಬಂದು, ಮುಂದೆ ಸರಕಾರದ ವಶವಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬುದು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಅದೊಂದು. ಅಂತಸ್ತಿನ ಮೇಲೆ ಅಂತಸ್ತಾಗಿ ಅಡ್ಡ ಸುರಂಗಗಳು, ಸುರಂಗಗಳಲ್ಲಿ ಹಳಿಗಳು, ಹಳಿಗಳ ಮೇಲೆ ಅದಿರು ತುಂಬಿದ ಗಾಡಿಗಳು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಅಷ್ಟು ದೂರ ಹರಿಸಿ ತಂದದ್ದು ಈ ಗಣಿಗಳಿಗಾಗಿಯೇ. ಕೆಲಸಗಾರರು ಪಂಜರದಲ್ಲಿ ನಿಂತು ಒಂದು ಲಂಬ ಬಾವಿಯಲ್ಲಿ ಇಳಿದು, ಅಡ್ಡ ಸುರಂಗದಲ್ಲಿ ಸಾಗಿ, ಇನ್ನೊಂದು ಬಾವಿಯಲ್ಲಿ ಮತ್ತೆ ಇಳಿಯಬೇಕಾಗುತ್ತಿತ್ತು. ಒಂದೇ ಬಾವಿಯನ್ನು ತಳದವರೆಗೆ ತೋಡಬಾರದಿತ್ತೇ ಎಂದರೆ, ಅಷ್ಟು ಉದ್ದದ ಉಕ್ಕಿನ ಹಗ್ಗಕ್ಕೆ ತನ್ನ ಭಾರವೇ ಒಂದು ಹೊರೆಯಾಗುತ್ತದೆ. ಪಂಜರವನ್ನು ಹೊರಲು ಅದಕ್ಕೆ ಉಳಿಯುವ ಬಲ ಕಡಿಮೆ.

ಈಗ ಶಾಖಕ್ಕೆ ಬರೋಣ. ಭೂಮಿಯ ಒಳಗೆ ಇಳಿದಂತೆಲ್ಲ ಬಂಡೆಯ ಉಷ್ಣತೆ ಏರುತ್ತದೆ. ಲೋಕದ ಸಾಮಾನ್ಯ ಲೆಕ್ಕದಲ್ಲಿ ಈ ಏರಿಕೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ನಮ್ಮ ಪ್ರಾಚೀನ ಶಿಲಾಸ್ತರ ತಣ್ಣಗಾಗಿ ಬಹು ಕಾಲವಾಗಿರುವುದರಿಂದ ಇಲ್ಲಿ ಅದು ಅರ್ಧದಷ್ಟೇ ಇದೆ. ಅಷ್ಟಾದರೂ ಚಾಂಪಿಯನ್ ರೀಫಿನ ತಳದ ಬಂಡೆ 60 ಡಿಗ್ರಿಗೂ ಮಿಕ್ಕಿ ಕಾದಿರುತ್ತಿತ್ತು. ಮೇಲಿನಿಂದ ತಂಪು ಗಾಳಿಯನ್ನು ಇಳಿಬಿಟ್ಟರೆ ಆಯಿತಲ್ಲ ಎನ್ನಬಹುದು. ಇಲ್ಲಿಯೇ ನಿಸರ್ಗ ಒಂದು ಪೆಟ್ಟು ಕೊಡುತ್ತದೆ. ಗಾಳಿ ಕೆಳಗೆ ಇಳಿದಂತೆ ಅದರ ಮೇಲಿನ ಗಾಳಿಯ ಭಾರ ಹೆಚ್ಚಿ ಅದು ಒತ್ತಲ್ಪಡುತ್ತದೆ. ಒತ್ತಿದ ಗಾಳಿ ಸೈಕಲ್ ಪಂಪಿನಲ್ಲಿ ಆಗುವಂತೆ ಬಿಸಿಯಾಗುತ್ತದೆ. ಲೆಕ್ಕ ಸುಲಭ. ಒಂದು ಕಿಲೋಗ್ರಾಂ ಗಾಳಿ ಒಂದು ಕಿಲೋಮೀಟರು ಇಳಿದಾಗ ಅದು ಕಳೆದುಕೊಳ್ಳುವ ಸ್ಥಾನಶಕ್ತಿ 9,800 ಜೂಲ್. ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಬೇಕಾದುದು ಸುಮಾರು 1,000 ಜೂಲ್. ಆದುದರಿಂದ ಒಣಗಾಳಿ ಕಿಲೋಮೀಟರಿಗೆ ಹತ್ತು ಡಿಗ್ರಿಯಷ್ಟು ಕಾಯುತ್ತದೆ, ಬಂಡೆಯನ್ನು ಮುಟ್ಟದೆಯೇ! ಮೂರು ಕಿಲೋಮೀಟರಿಗೆ ಮೂವತ್ತು ಡಿಗ್ರಿ. ವಾಸ್ತವದಲ್ಲಿ ಬಾವಿಯ ಗೋಡೆಯ ನೀರು ಆವಿಯಾಗಿ ಈ ಏರಿಕೆಯನ್ನು ತಗ್ಗಿಸುತ್ತದೆ, ನಿಜ. ಆದರೆ ಆ ಆವಿಯೇ ತಳದಲ್ಲಿ ದುಡಿಯುವವನ ಬೆವರನ್ನು ಆರಗೊಡುವುದಿಲ್ಲ. ಬೆವರು ಆರದ ದೇಹ ಶಾಖವನ್ನು ಕಳೆದುಕೊಳ್ಳಲಾರದು. ಕೋಲಾರದವರು ಯಂತ್ರಗಳಿಂದ ತಣಿಸಿದ ಗಾಳಿಯನ್ನು ಇಳಿಸಬೇಕಾದುದು ಈ ಕಾರಣಕ್ಕೆ.

ಅಲ್ಲಿ ದುಡಿದವರು ಮಂತ್ರಬಲದ ಕುಬ್ಜರಲ್ಲ. ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ, ನಮ್ಮ ನಾಡಿನಿಂದ ಬಂದ ಬಡ ಕೂಲಿಕಾರರು. ಅವರಲ್ಲಿ ಹೆಚ್ಚಿನವರು ದಲಿತರು. ಬಂಡೆಯೊಳಗೆ ಅಡಗಿದ್ದ ಒತ್ತಡ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ಸುರಂಗದ ಗೋಡೆಯೇ ಸಿಡಿಯುವ ಶಿಲಾಸ್ಫೋಟಗಳು ಕೋಲಾರದಲ್ಲಿ ಎಷ್ಟು ಸಾಮಾನ್ಯವಾಗಿದ್ದುವೆಂದರೆ, ಅವುಗಳ ಅಧ್ಯಯನದ ಇತಿಹಾಸದಲ್ಲಿ ಕೋಲಾರಕ್ಕೆ ಮುಖ್ಯ ಸ್ಥಾನವಿದೆ. ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿತು. ಸ್ಫೋಟ ಬಿಟ್ಟರೂ ಕಲ್ಲಿನ ಧೂಳು ಬಿಡುತ್ತಿರಲಿಲ್ಲ. ಶ್ವಾಸಕೋಶವನ್ನು ಹೊಕ್ಕ ಸಿಲಿಕಾ ಮತ್ತೆ ಹೊರಗೆ ಬರುವುದಿಲ್ಲ. ನಮ್ಮ ಪಠ್ಯಗಳಲ್ಲಿ ಕೋಲಾರವೆಂದರೆ ಬಹುಮಟ್ಟಿಗೆ 'ಚಿನ್ನ ಸಿಗುತ್ತಿದ್ದ ಸ್ಥಳ' ಎಂಬ ಒಂದು ವಾಕ್ಯ. ಉಷ್ಣಶಾಸ್ತ್ರ, ಘರ್ಷಣೆ, ಒತ್ತಡ, ವಿದ್ಯುತ್ತಿನ ಸಾಗಣೆ, ಇವೆಲ್ಲವನ್ನೂ ಒಂದೇ ಊರಿನ ಉದಾಹರಣೆಯಿಂದ ಕಲಿಸಬಹುದಾಗಿರುವಾಗ ನಾವು ಇಂಗ್ಲಿಷ್ ಪುಸ್ತಕಗಳ ಉದಾಹರಣೆಗಳನ್ನೇ ಕನ್ನಡಿಸಿ ಕೊಡುತ್ತಿದ್ದೇವೆ. ಇದು ಸರಿಯಲ್ಲ. ಕಣಭೌತಶಾಸ್ತ್ರವನ್ನೂ ಅಲ್ಲಿಂದಲೇ ಆರಂಭಿಸಬಹುದು: ಸುಮಾರು 2.3 ಕಿಲೋಮೀಟರು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮಿನ ವಿಜ್ಞಾನಿಗಳೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಹಿಡಿದರು. ಹಳಿಯೂ ಸುರಂಗವೂ ಇಲ್ಲದೆ ಇಡೀ ಭೂಮಿಯನ್ನು ಹಾಯ್ದುಹೋಗುವ ಪ್ರಯಾಣಿಕ ಅದೊಂದೇ.

ಆಳದ ರೈಲಿನ ಕನಸಿಗೆ ಭೌತಶಾಸ್ತ್ರದಲ್ಲಿಯೂ ಒಂದು ಪ್ರಸಿದ್ಧ ರೂಪವಿದೆ. ಎರಡು ಊರುಗಳ ನಡುವೆ ಭೂಮಿಯ ಮೈಯನ್ನು ಅನುಸರಿಸದೆ ನೇರ ಗೆರೆಯಂತೆ ಸುರಂಗ ಕೊರೆದರೆ, ಆ ಸುರಂಗದ ನಡುಭಾಗ ಭೂಕೇಂದ್ರಕ್ಕೆ ಹತ್ತಿರವಾಗಿರುವುದರಿಂದ ಮೊದಲರ್ಧ ಇಳಿಜಾರು, ಉಳಿದರ್ಧ ಏರು ಎನಿಸುತ್ತದೆ. ತಡೆಯಿಲ್ಲದ ರೈಲನ್ನು ಒಂದು ತುದಿಯಲ್ಲಿ ಬಿಟ್ಟರೆ ಅದು ಯಾವ ಯಂತ್ರವೂ ಇಲ್ಲದೆ ಇನ್ನೊಂದು ತುದಿಯನ್ನು ಮುಟ್ಟುತ್ತದೆ. ಊರುಗಳು ಹತ್ತಿರವಿರಲಿ, ದೂರವಿರಲಿ, ಹಿಡಿಯುವ ಕಾಲ ಮಾತ್ರ ಒಂದೇ: ಸುಮಾರು 42 ನಿಮಿಷ. ಇದು ಸರಳ ಆವರ್ತ ಚಲನೆಯ ಸೊಗಸಾದ ಲೆಕ್ಕ. ನಮ್ಮ ರಾಣೆಬೆನ್ನೂರಿನಿಂದ ಬೆಂಗಳೂರಿಗೆ ನೇರ ದೂರ ಸುಮಾರು 280 ಕಿಲೋಮೀಟರು. ಅಂಥ ಸುರಂಗ ತನ್ನ ನಡುವಿನಲ್ಲಿ ಎಷ್ಟು ಆಳಕ್ಕೆ ಹೋಗುತ್ತದೆ? ದೂರದ ವರ್ಗವನ್ನು ಭೂಮಿಯ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಒಂದೂವರೆ ಕಿಲೋಮೀಟರು ಎಂದು ಬರುತ್ತದೆ. ಚಾಂಪಿಯನ್ ರೀಫಿನ ಅರ್ಧ ಆಳ! ನಡುವಿನಲ್ಲಿ ರೈಲಿನ ವೇಗ ಗಂಟೆಗೆ ಆರುನೂರು ಕಿಲೋಮೀಟರಿಗೆ ಮೇಲು.

ಈ ಲೆಕ್ಕವನ್ನು ಹೇಳಿದಾಗ ತರಗತಿಯಲ್ಲಿ ಉತ್ಸಾಹ ಏರುತ್ತದೆ, ಏರಲಿ. ಆಮೇಲೆ ಎರಡು ಸಂಗತಿಗಳನ್ನು ಸೇರಿಸಬೇಕು. ರಾಣೆಬೆನ್ನೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರು, ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿವೆ. ಆದುದರಿಂದ ನಮ್ಮ ಕಡೆಯಿಂದ ಬಿಟ್ಟ ರೈಲು ಬೆಂಗಳೂರಿಗೆ ಮುನ್ನೂರು ಮೀಟರು ಕೆಳಗೆ ನಿಂತು ಹಿಂದಕ್ಕೆ ಬರುತ್ತದೆ. ಬೆಂಗಳೂರಿನಿಂದ ಬಿಟ್ಟದ್ದು ಗಂಟೆಗೆ 270 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ರಾಣೆಬೆನ್ನೂರಿನ ನಿಲ್ದಾಣವನ್ನು ಸೀಳಿಕೊಂಡು ಹೊರಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಒಂದೂವರೆ ಕಿಲೋಮೀಟರಿನಲ್ಲಿ ಬಂಡೆಯ ಉಷ್ಣತೆ 45 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2016ರಲ್ಲಿ ತೆರೆದ 57 ಕಿಲೋಮೀಟರಿನ ಗೊಟ್ಹಾರ್ಡ್ ತಳಸುರಂಗದಲ್ಲಿಯೂ ಬಂಡೆ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗಿದ್ದು, ಕೊರೆಯುವಾಗ ತಣಿಸಲು ದೊಡ್ಡ ಯಂತ್ರಗಳೇ ಬೇಕಾದುವು. ನಮ್ಮ ಕನಸಿನ ಸುರಂಗವನ್ನು ಅದಕ್ಕೆ ಐದರಷ್ಟು ಉದ್ದಕ್ಕೆ, ಗಾಳಿಯಿಲ್ಲದೆ ಬರಿದು ಮಾಡಿ, ತಣ್ಣಗೆ ಇಡುವ ಖರ್ಚನ್ನು ಲೆಕ್ಕಕ್ಕೆ ತಂದರೆ ಯಂತ್ರವಿಲ್ಲದೆ ಓಡುವ ರೈಲಿಗೆ ಎಲ್ಲಕ್ಕಿಂತ ದೊಡ್ಡ ಯಂತ್ರ ಬೇಕೆಂದು ತಿಳಿಯುತ್ತದೆ.

ಇಷ್ಟು ಆಳಕ್ಕೆ ಇಳಿಯದೆ ನಗರದ ಕೆಳಗೆ ನಾಲ್ಕಾರು ಆಳು ತೋಡಿ ಓಡಿಸುವ ರೈಲಿಗೂ ಈ ಲೆಕ್ಕ ತಪ್ಪಿದ್ದಲ್ಲ. ಲಂಡನ್ನಿನಲ್ಲಿ 1863ರ ಜನವರಿ 10ರಂದು ಮೊದಲ ನೆಲದಡಿ ರೈಲು ಓಡಿದಾಗ ಅದನ್ನು ಎಳೆದುದು ಉಗಿಯಂತ್ರ. ಹೊಗೆ ಜನರ ಮೂಗಿಗೇ. ಸುರಂಗದಲ್ಲಿ ಉಗಿಯಂತ್ರ ನಿಂತುಹೋದರೆ ಏನಾಗುವುದೆಂಬುದನ್ನು ಇಟಲಿಯ ಬಲ್ವಾನೋ ದುರಂತ ತೋರಿಸಿತು. 1944ರ ಮಾರ್ಚಿನಲ್ಲಿ ಏರುದಾರಿಯ ಸುರಂಗದಲ್ಲಿ ಸಿಕ್ಕಿಕೊಂಡ ರೈಲೊಂದರಲ್ಲಿ ಐನೂರಕ್ಕೂ ಹೆಚ್ಚು ಜನ ಇಂಗಾಲದ ಮಾನಾಕ್ಸೈಡಿನಿಂದ ಸತ್ತರು. ಡಿಕ್ಕಿಯಿಲ್ಲ, ಬೆಂಕಿಯಿಲ್ಲ. ಲಂಡನ್ನಿನಲ್ಲಿ 1890ರಿಂದ ವಿದ್ಯುತ್ ರೈಲು ಬಂದು ಹೊಗೆಯ ಕಾಟ ತಪ್ಪಿತು; ಶಾಖದ ಕಾಟ ತಪ್ಪಲಿಲ್ಲ. ಆರಂಭದಲ್ಲಿ ಅಲ್ಲಿಯ ಜೇಡಿಮಣ್ಣು 14 ಡಿಗ್ರಿಯಷ್ಟು ತಂಪಾಗಿದ್ದು, ಬೇಸಿಗೆಯಲ್ಲಿ ತಂಪಿಗಾಗಿ ಸುರಂಗ ರೈಲಿಗೆ ಬನ್ನಿರೆಂದು ಜಾಹೀರಾತು ಕೊಡುವಂತಿತ್ತು. ನೂರು ವರ್ಷ ರೈಲುಗಳು ಓಡಿ ಓಡಿ ಆ ಮಣ್ಣೇ ಕಾದುಬಿಟ್ಟಿದೆ. ಈಗ ಕೆಲವು ಮಾರ್ಗಗಳಲ್ಲಿ ಬೇಸಿಗೆಯ ದಿನ ಗಾಡಿಯೊಳಗೆ 30 ಡಿಗ್ರಿ ಮೀರುತ್ತದೆ. ಜೇಡಿಮಣ್ಣು ಕಂಬಳಿಯಿದ್ದಂತೆ, ಶಾಖವನ್ನು ತೆಗೆದುಕೊಳ್ಳುತ್ತದೆ, ಬಿಟ್ಟುಕೊಡಲು ತಲೆಮಾರುಗಳು ಬೇಕು.

ಆ ಶಾಖದ ದೊಡ್ಡ ಪಾಲು ರೈಲು ಓಡುವಾಗಿನದಲ್ಲ, ನಿಲ್ಲುವಾಗಿನದು. 1900ರಲ್ಲಿ ಸೆಂಟ್ರಲ್ ಲಂಡನ್ ಮಾರ್ಗವನ್ನು ಕಟ್ಟಿದ ಇಂಜಿನಿಯರುಗಳು ಇದನ್ನು ಅರಿತಿದ್ದರು. ಅವರು ನಿಲ್ದಾಣಗಳನ್ನು ಸುರಂಗದ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ, ದಿಬ್ಬದ ನೆತ್ತಿಯ ಮೇಲೆ ಕೂರಿಸಿದರು. ಬರುವ ರೈಲು ಏರನ್ನು ಹತ್ತುತ್ತ ತಾನಾಗಿ ನಿಧಾನಿಸುತ್ತದೆ, ಹೊರಡುವ ರೈಲು ಇಳಿಜಾರಿನಲ್ಲಿ ತಾನಾಗಿ ವೇಗ ಪಡೆಯುತ್ತದೆ. ಮೂರು ಮೀಟರು ಎತ್ತರವಿದ್ದರೆ ಗಂಟೆಗೆ 28 ಕಿಲೋಮೀಟರಿನಷ್ಟು ವೇಗದ ಶಕ್ತಿಯನ್ನು ಅದರಲ್ಲಿ ಕೂಡಿಡಬಹುದು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಮಣ್ಣಿನ ಇಳಿಜಾರು ಅಷ್ಟೇ. ನಮ್ಮ ಮಟ್ಟಿಗೆ ಇದು ಯಾವ ಕುಬ್ಜ ಶಿಲ್ಪಿಯ ಪವಾಡಕ್ಕೂ ಕಡಿಮೆಯದಲ್ಲ.

ಬೆಂಗಳೂರಿನ 'ನಮ್ಮ ಮೆಟ್ರೋ' ಈ ಕೆಲಸವನ್ನು ಬೇರೆ ರೀತಿಯಿಂದ ಮಾಡುತ್ತದೆ. 2011ರ ಅಕ್ಟೋಬರಿನಲ್ಲಿ ಮೊದಲು ಓಡಿದ ಈ ರೈಲು 2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ಕಿನ ಕಡೆಗೆ ನೆಲದಡಿ ಇಳಿಯಿತು. ದಕ್ಷಿಣ ಭಾರತದ ಮೊದಲ ನೆಲದಡಿ ಮೆಟ್ರೋ ಮಾರ್ಗ ಅದೇ. ಹಳಿಯ ಪಕ್ಕದಲ್ಲಿ ಹಾಸಿದ ಮೂರನೆಯ ಹಳಿಯಿಂದ 750 ವೋಲ್ಟಿನ ವಿದ್ಯುತ್ತನ್ನು ಅದು ಪಡೆಯುತ್ತದೆ. ನಿಲ್ಲುವಾಗ ಅದರ ಮೋಟಾರುಗಳೇ ಜನಕಗಳಾಗಿ ತಿರುಗಿ ಒಂದಷ್ಟು ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತವೆ. ಹೀಗೆ ಕೊಡದಿದ್ದರೆ ಏನಾಗುತ್ತಿತ್ತೆಂದು ಎಣಿಸಿ ನೋಡೋಣ. ಜನರಿಂದ ತುಂಬಿದ ರೈಲಿನ ಭಾರ 250 ಟನ್, ವೇಗ ಗಂಟೆಗೆ 72 ಕಿಲೋಮೀಟರು ಎಂದಿಟ್ಟುಕೊಂಡರೆ ಅದರ ಚಲನಶಕ್ತಿ 50 ಮೆಗಾಜೂಲ್. ಐದೂವರೆ ಮೀಟರು ವ್ಯಾಸದ ಸುರಂಗದಲ್ಲಿ ಒಂದೂಮುಕ್ಕಾಲು ಕಿಲೋಮೀಟರು ಉದ್ದದ ಗಾಳಿಯನ್ನೆಲ್ಲ ಒಂದು ಡಿಗ್ರಿ ಕಾಯಿಸಲು ಇಷ್ಟು ಸಾಕು. ಒಂದು ರೈಲು ಒಂದು ಬಾರಿ ನಿಂತುದಕ್ಕೆ! ಐದೈದು ನಿಮಿಷಕ್ಕೊಂದು ರೈಲು, ಕಿಲೋಮೀಟರಿಗೊಂದು ನಿಲುಗಡೆ ಎಂದರೆ ಮುಂದಿನ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ರೈಲು ಬರುವುದಕ್ಕೆ ಮುಂಚೆ ಸುರಂಗದ ಬಾಯಿಯಿಂದ ಬೀಸಿಬರುವ ಗಾಳಿಯೂ ಇಲ್ಲಿ ನೆರವಿಗೆ ಬರುತ್ತದೆ. ರೈಲು ಕೊಂತದಂತೆ ಮುಂದಿನ ಗಾಳಿಯನ್ನು ತಳ್ಳುತ್ತ, ಹಿಂದಿನಿಂದ ಹೊಸ ಗಾಳಿಯನ್ನು ಸೆಳೆಯುತ್ತ ಓಡುತ್ತದೆ.

ಬೆಂಗಳೂರಿನ ನೆಲ ಸುಲಭದ ನೆಲವಲ್ಲ. ಮುನ್ನೂರು ಕೋಟಿ ವರ್ಷ ವಯಸ್ಸಿನ ಗಟ್ಟಿ ಶಿಲೆ ಒಂದೆಡೆ, ಅದೇ ಶಿಲೆ ಶಿಥಿಲವಾಗಿ ಆದ ಮೆತ್ತನೆಯ ಮಣ್ಣು ಪಕ್ಕದಲ್ಲಿಯೇ. ಯಂತ್ರದ ಮೂತಿಗೆ ಮೇಲ್ಭಾಗದಲ್ಲಿ ಮಣ್ಣು, ಕೆಳಭಾಗದಲ್ಲಿ ಬಂಡೆ ಸಿಕ್ಕರೆ ಅದು ತಿಣುಕುತ್ತದೆ. ಮೊದಲ ಹಂತದಲ್ಲಿ 'ಗೋದಾವರಿ' ಎಂಬ ಕೊರೆಯುವ ಯಂತ್ರ ತಿಂಗಳುಗಟ್ಟಲೆ ನಿಂತುಬಿಟ್ಟಿತ್ತು. ಎರಡನೆಯ ಹಂತದ ಡೇರಿ ವೃತ್ತ ಮತ್ತು ನಾಗವಾರಗಳ ನಡುವಣ ಮಾರ್ಗಕ್ಕೆ ಒಂಬತ್ತು ಯಂತ್ರಗಳು ದುಡಿದು 2024ರ ಅಕ್ಟೋಬರಿನಲ್ಲಿ ಕೊರೆತವನ್ನು ಮುಗಿಸಿದುವು. ಅವುಗಳಲ್ಲಿ ಒಂದರ ಹೆಸರು ವರದಾ. ಇನ್ನೆರಡರ ಹೆಸರು ತುಂಗಾ, ಭದ್ರಾ. ನಮ್ಮ ಜಿಲ್ಲೆಯ ಹೊಲಗಳಿಗೆ ನೀರುಣಿಸುವ ನದಿಗಳ ಹೆಸರುಗಳು ರಾಜಧಾನಿಯ ಬಂಡೆಯನ್ನು ಕೊರೆದುವೆಂಬುದು ನಮಗೆ ಸಂತೋಷವೇ.

ಇಷ್ಟು ಹೇಳಿದ ಮೇಲೆ ನಮ್ಮ ಮುಖ್ಯವಾದ ಮಾತಿಗೆ ಬರುತ್ತೇವೆ. ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರು ಉದ್ದಕ್ಕೆ ಮೋಟಾರು ಕಾರುಗಳಿಗಾಗಿ ಜೋಡಿ ಸುರಂಗ ರಸ್ತೆಯನ್ನು ತೋಡುವ ಯೋಜನೆ 2024 ಮತ್ತು 2025ರಲ್ಲಿ ಬೆಂಗಳೂರಿನಲ್ಲಿ ಬಹಳ ಚರ್ಚೆಗೆ ಒಳಗಾಯಿತು. ಹಣದ ಚರ್ಚೆಯನ್ನೂ ಲಾಲ್‌ಬಾಗಿನ ಮರಗಳ ಚರ್ಚೆಯನ್ನೂ ಪತ್ರಿಕೆಗಳು ಮಾಡಿವೆ. ನಾವು ಮಾಡುವುದು ಶಾಖದ ಲೆಕ್ಕ. ಒಂದು ಕಾರು 17 ಕಿಲೋಮೀಟರು ಓಡಲು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು ಬೇಕು. ಅದರಿಂದ ಹೊರಡುವ ಶಕ್ತಿ 35 ಮೆಗಾಜೂಲಿನ ಸುಮಾರು. ಎಲ್ಲವೂ ಕೊನೆಗೆ ಸುರಂಗದೊಳಗಿನ ಶಾಖ. ಕಾರಿನಲ್ಲಿ ಇರುವವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ. ಅದೇ ದೂರವನ್ನು ನಮ್ಮ 250 ಟನ್ನಿನ ರೈಲು, ಪ್ರತಿ ಕಿಲೋಮೀಟರಿಗೂ ನಿಂತು, ನಿಂತಾಗಿನ ಶಕ್ತಿಯನ್ನೆಲ್ಲ ಶಾಖವಾಗಿಯೇ ಚೆಲ್ಲಿದರೂ 1,000 ಮೆಗಾಜೂಲಿನ ಆಸುಪಾಸಿನಲ್ಲಿ ಮುಗಿಸುತ್ತದೆ. ದೀಪ ಮತ್ತು ಹವಾನಿಯಂತ್ರಣವನ್ನೂ ಸೇರಿಸಿ 1,500 ಎನ್ನೋಣ. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನ. ಅಂದರೆ ತಲೆಗೆ ಒಂದೂವರೆ ಮೆಗಾಜೂಲ್ ಒಂದು ಕಡೆ, ಇಪ್ಪತ್ತಕ್ಕೂ ಹೆಚ್ಚು ಇನ್ನೊಂದು ಕಡೆ. ವಿಷವಾಯುವಿನ ಲೆಕ್ಕ ಬೇರೆ.

ಮುಂದೆ ಕಾರುಗಳೆಲ್ಲ ವಿದ್ಯುತ್ತಿನವಾಗುತ್ತವೆ ಎಂಬ ಸಮಾಧಾನವನ್ನು ಕೆಲವರು ಹೇಳುವರು. ಆಗ ಹೊಗೆಯಿರುವುದಿಲ್ಲ, ಶಾಖವೂ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಅದನ್ನು ಒಪ್ಪೋಣ. ಆಗಲೂ ಅದು ರೈಲಿನ ಮೂರು ನಾಲ್ಕು ಪಟ್ಟು. ಕಾರಿನ ಸಂಖ್ಯೆಯನ್ನು ಹೆಚ್ಚಿಸಿ ಜನರನ್ನು ಸಾಗಿಸೋಣವೆಂದರೆ ಒಂದು ಸಾಲಿನಲ್ಲಿ ಗಂಟೆಗೆ ಎರಡು ಸಾವಿರ ಕಾರುಗಳಿಗಿಂತ ಹೆಚ್ಚು ಹೋಗುವುದು ಕಷ್ಟ. ಮೂರು ಸಾವಿರ ಜನ. ಮೂರು ನಿಮಿಷಕ್ಕೊಂದು ರೈಲು ಓಡಿದರೆ ಒಂದೇ ಹಳಿಯ ಮೇಲೆ ಗಂಟೆಗೆ ಇಪ್ಪತ್ತು ಸಾವಿರ ಜನ. ನೆಲದಡಿಯ ಜಾಗ ಬಹು ದುಬಾರಿಯಾದ ಜಾಗ. ಅಲ್ಲಿ ತೋಡಿದ ಪ್ರತಿ ಘನಮೀಟರಿಗೂ ಗಾಳಿಯೂದಬೇಕು, ನೀರೆತ್ತಬೇಕು, ಬೆಂಕಿಯ ಕಾವಲಿರಬೇಕು. ದಕ್ಷಿಣ ಕೊರಿಯದ ದೇಗು ನಗರದ ಸುರಂಗ ರೈಲಿಗೆ 2003ರಲ್ಲಿ ಒಬ್ಬನು ಹಚ್ಚಿದ ಬೆಂಕಿಯಲ್ಲಿ 192 ಜನ ಸತ್ತರು. ಗಾಡಿಯ ಒಳಗಿನ ಸಾಮಗ್ರಿ, ಹೊಗೆ ಹೊರಹೋಗುವ ದಾರಿ, ಜನ ಹೊರಹೋಗುವ ದಾರಿ ಎಲ್ಲವೂ ಆಮೇಲೆ ಪರಿಶೀಲನೆಗೆ ಬಂದುವು. ರೈಲಿನಲ್ಲಿಯೇ ಇಷ್ಟಾದರೆ, ಟ್ಯಾಂಕಿನಲ್ಲಿ ಪೆಟ್ರೋಲು ಹೊತ್ತ ಸಾವಿರಾರು ವಾಹನಗಳನ್ನು ಅದೇ ಬಿಲದೊಳಗೆ ಬಿಡುವುದು ಯಾವ ಧೈರ್ಯ?

ಆದುದರಿಂದ ನೆಲದಡಿಯನ್ನು ರೈಲಿಗೆ ಬಿಡಬೇಕು, ಕಾರಿಗೆ ಅಲ್ಲ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್‌ಗಳ ನಡುವೆ ಘಟ್ಟದಲ್ಲಿ 57 ಸುರಂಗಗಳನ್ನು ಹಾಯುವ ರೈಲುಮಾರ್ಗ 1979ರಿಂದಲೇ ನಮ್ಮಲ್ಲಿದೆ. ಸುರಂಗ ಕೊರೆಯುವ ವಿದ್ಯೆ ನಮಗೆ ಹೊಸದಲ್ಲ, ಹೆದರಬೇಕಾದುದೂ ಅಲ್ಲ. ಕೊರೆಯುವುದಾದರೆ ಲೆಕ್ಕವನ್ನು ಮೊದಲು ಜನರ ಮುಂದಿಡಲಿ. ಎಷ್ಟು ಬೀಸಣಿಗೆಗಳು, ಅವುಗಳಿಗೆ ಎಷ್ಟು ವಿದ್ಯುತ್ತು, ಮಳೆಗಾಲದ ನೀರನ್ನೆತ್ತಲು ಎಷ್ಟು ಪಂಪುಗಳು, ವಿದ್ಯುತ್ತು ನಿಂತರೆ ಎಷ್ಟು ಹೊತ್ತು ತಾಳಬಹುದು, ಇವನ್ನೆಲ್ಲ ಕನ್ನಡದಲ್ಲಿ, ಪದವಿಪೂರ್ವ ತರಗತಿಯ ಹುಡುಗನು ಪರೀಕ್ಷಿಸಿ ನೋಡಬಹುದಾದಂತೆ ಅಚ್ಚುಹಾಕಲಿ. ಸುರಂಗದ ಬಿಸಿಗಾಳಿಯನ್ನು ಹೊರಗೆ ಬಿಡುವ ಬೆಳಕಿಂಡಿಗಳು ನಗರದ ಯಾವ ಯಾವ ಬೀದಿಗಳಲ್ಲಿ, ಯಾರ ಯಾರ ಮನೆಯ ಮಗ್ಗುಲಲ್ಲಿ ಬಾಯಿ ತೆರೆಯುತ್ತವೆ ಎಂಬ ನಕ್ಷೆಯೂ ಅದರೊಡನೆ ಇರಲಿ.